ತಿದಿಯೊಳಗಿನ ಎಣ್ಣೆ

“ಗುರುಗಳೇ, ಗಾಳಿಗೇನೂ ಕೊರತೆ ಇರಲಿಲ್ಲ. ಆದರೂ ನನ್ನ ತಂಗಿ ಉಸಿರು ಸಿಗದೆ ಹೋದಳಲ್ಲ, ಯಾಕೆ?”

ಕೇಳಿದವನು ಚನ್ನಮಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಅವನ ಕೆಲಸ. ಊರಿಗೆಲ್ಲ ಹಬ್ಬಿದ ಜ್ವರ ತಂಗಿಯ ಎದೆಗಿಳಿದಾಗ ಉಸಿರಾಡಿಸುವ ಯಂತ್ರ ಒಂದೂ ಖಾಲಿ ಇರಲಿಲ್ಲ. ಅವಳ ಗಂಟಲಿಗಿಳಿಸಿದ ನಳಿಗೆಗೆ ರಬ್ಬರಿನ ಗಾಳಿಚೀಲ ಜೋಡಿಸಿ, ಬೆಳಗಿನಿಂದ ಸಂಜೆಯವರೆಗೆ ಅವನೇ ಒತ್ತಿದ್ದ.

“ಶ್ವಾಸಕೋಶದ ಗಾಳಿಗುಳ್ಳೆಗಳ ಒಳಗೆ ತೆಳ್ಳಗೆ ಒಂದು ಜಿಡ್ಡು ಇರುತ್ತದಂತೆ. ಅದನ್ನು ಒಸರುವ ಜೀವಕೋಶಗಳನ್ನೇ ರೋಗ ತಿಂದುಹಾಕಿತು, ಗುಳ್ಳೆಗಳು ಮುದುಡಿ ಅಂಟಿಕೊಂಡವು ಎಂದರು ಡಾಕ್ಟರು. ನಾನು ಒತ್ತಿದ್ದು ಸಾಲದಾಯಿತೇ? ಹೆಚ್ಚಾಯಿತೇ?”

ಮಡಿಲಲ್ಲಿ ಮುಚ್ಚಿ ತೆರೆಯುತ್ತಿದ್ದ ಅವನ ಬಲಗೈಯನ್ನು ಗುರುಗಳು ನೋಡಿದರು. ಆಮೇಲೆ ಹೇಳತೊಡಗಿದರು.

ಒಬ್ಬ ಕಮ್ಮಾರನಿದ್ದ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಅವರು ಏಳುವ ತನಕ ಕುಲುಮೆಯ ಬೆಂಕಿ ಆರಬಾರದು ಎಂಬುದು ಅವರ ವಂಶದ ನೇಮ. ಅವನ ಹೆಂಡತಿಗೆ ಜ್ವರ ಬಂತು. ಅವನು ಕುಲುಮೆಯ ಮುಂದೆ ಕೂತ, ಗಾಳಿ ಊದುವ ತೊಗಲಿನ ತಿದಿಯನ್ನು ಬಿಡದೆ ಒತ್ತಿದ.

ಮೂರನೆಯ ದಿನ ತಿದಿ ಬಿಗಿಯಿತು. ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡು ತೆರೆಯಲೊಲ್ಲವು. ಬಲ ಸಾಲದೆಂದುಕೊಂಡ ಕಮ್ಮಾರ, ಕಾಲು ಕೊಟ್ಟು ಒತ್ತಿದ. ತೊಗಲು ಪರ್ರನೆ ಹರಿಯಿತು.

ಓಡಿಹೋಗಿ ಹೆಂಡತಿಯನ್ನು ಕೇಳಿದ: “ತಿದಿಗೇನಾಗಿದೆ, ಮಾರಾಯ್ತಿ?”

ಅವಳು ಆ ಸುಡುವ ಜ್ವರದಲ್ಲೂ ನಕ್ಕಳು. “ಮೂವತ್ತು ವರ್ಷ ಒತ್ತಿದಿರಿ, ಒಂದು ದಿನವಾದರೂ ಒಳಗೆ ಕೈಯಾಡಿಸಿದಿರಾ? ದಿನಾ ಮುಸ್ಸಂಜೆ ಒಂದು ಅಂಗೈ ಹರಳೆಣ್ಣೆ ನಾನು ಸವರುತ್ತಿದ್ದೆ. ಅದಕ್ಕೇ ಅದು ಅಂಟದೆ ಉಸಿರಾಡುತ್ತಿತ್ತು.”

“ಹೇಳಬಾರದಿತ್ತೇ?”

“ಅನ್ನಕ್ಕೆ ನೀರಿಟ್ಟೆ ಅಂತ ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?”

ಕಮ್ಮಾರ ಎಣ್ಣೆಯ ಗಡಿಗೆಯನ್ನೇ ಎತ್ತಿ ತಂದು ತಿದಿಯೊಳಕ್ಕೆ ಸುರಿದ. ಒಣಗಿದ ಮಡಿಕೆ ಬಿಡಲಿಲ್ಲ. ಹರುಕಿನಿಂದ ಸೋರಿದ ಎಣ್ಣೆಯನ್ನೆಲ್ಲ ನೆಲ ಕುಡಿಯಿತು. ಕೆಂಡ ಕಪ್ಪಾಯಿತು. ಒಳಗೆ ಮಂಚದ ಕಡೆಯಿಂದ ಕೇಳುತ್ತಿದ್ದ ಉಸಿರಿನ ಸದ್ದೂ ನಿಂತಿತು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲ ಕೇಳಿದ: “ಮುಂದೆ? ಆ ಕಮ್ಮಾರ ಏನು ಮಾಡಿದ?”

“ಇನ್ನೂ ಒತ್ತುತ್ತಲೇ ಇದ್ದಾನೆ, ಮಗು; ನಿನ್ನ ಕೈ ನೋಡಿಕೋ.”