ಮೇಜಾದ ಬಾಗಿಲು ಮತ್ತು ರಸಮಟ್ಟ

ಹಳೆಯ ಬಾಗಿಲೊಂದಕ್ಕೆ ನಾಲ್ಕು ಕಾಲು ಜೋಡಿಸಿ, ಹಿಂದಿನ ವರಾಂಡದಲ್ಲಿ ಮಾದರಿ ವಿಮಾನ ಕಟ್ಟುವ ಮೇಜು ಮಾಡಿದರು. ಅಂಟು ಹಚ್ಚಿದ ರೆಕ್ಕೆಯೊಂದು ಅದರ ಮೇಲೆ ಇಟ್ಟಿಗೆಗಳ ಭಾರ ಹೊತ್ತು ಒಣಗುತ್ತಿತ್ತು.

ಗಾಜಿನ ಕೊಳವೆಯೊಳಗಿನ ಗಾಳಿಗುಳ್ಳೆಯಿಂದ ಮಟ್ಟ ನೋಡುವ ರಸಮಟ್ಟ ಬಂದು ಅಂಚಿನಲ್ಲಿ ಕುಳಿತಿತು. "ನನ್ನ ಗುಳ್ಳೆ ನಡುವೆ ನಿಲ್ಲುತ್ತಿಲ್ಲ. ನೀನು ಸೊಟ್ಟ."

"ನೀರು ಹರಿದುಹೋಗಲೆಂದು ನೆಲವನ್ನೇ ಇಳಿಜಾರು ಮಾಡಿದ್ದಾರೆ, ಸ್ವಾಮಿ," ಎಂದಿತು ಮೇಜು.

"ನೆಪ ಹೇಳಬೇಡ."

ಮೇಜು ಗೊಂದಲಗೊಂಡಿತು. ಬಾಗಿಲಾಗಿದ್ದಾಗ ಯಾರೂ ಹೀಗೆ ಅಂದಿರಲಿಲ್ಲ. ಅದು ಆ ಅಂಚಿನ ಒಂದು ಕಾಲಿಗೆ ಬೆಣೆ ಕೊಟ್ಟುಕೊಂಡಿತು. ಗುಳ್ಳೆ ನಡುವೆ ಬಂತು. ಹಲಗೆ ಮಾತ್ರ ಮೂಲೆಯಿಂದ ಮೂಲೆಗೆ ತಿರುಚಿಕೊಂಡಿತು.

"ಅಯ್ಯೋ, ನಾನೂ ತಿರುಚಿಕೊಳ್ಳುತ್ತಿದ್ದೇನೆ!" ಎಂದು ರೆಕ್ಕೆ ಕೂಗಿತು. "ಹೀಗೇ ಒಣಗಿದರೆ ಹಾರಿದ ಕೂಡಲೇ ಮಗುಚಿ ಬೀಳುತ್ತೇನೆ."

"ಈಗಷ್ಟೇ ನೆಟ್ಟಗಾದೆನಲ್ಲ?"

"ನೀನು ನೆಲದ ಜೊತೆ ವಾಲಿದರೆ ನನಗೇನು, ಮಾರಾಯ? ನಿನ್ನ ಬೆನ್ನು ಸಪಾಟಾಗಿದ್ದರೆ ಸಾಕು."

ಮೇಜು ಬೆಣೆಯನ್ನು ಒದ್ದು ಹಾಕಿತು. ಹಲಗೆ ಸಪಾಟಾಯಿತು, ಗುಳ್ಳೆ ತುದಿಗೆ ಓಡಿತು.

"ಮತ್ತೆ ಸೊಟ್ಟ!" ಎಂದು ರಸಮಟ್ಟ ಗದರಿತು.

"ಇರಬಹುದು," ಎಂದಿತು ಮೇಜು. ಅದಕ್ಕೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. "ರೆಕ್ಕೆ ಒಣಗುವವರೆಗೆ ತಾವು ದಯವಿಟ್ಟು ಕೆಳಗಿಳಿಯಿರಿ."