ಹೂವಿನ ಕಾಗದದ ಕಪಾಟು

ವಿಶಾಲಾಕ್ಷಮ್ಮನವರ ಎರಡು ಕೋಣೆಯ ಬಾಡಿಗೆ ಮನೆಗೆ ಅಗ್ಗದ ರೆಡಿಮೇಡ್ ಕಪಾಟೊಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಇಷ್ಟು ದಿನ ನೆಲದ ಮೇಲೆ ಬಿದ್ದು ಎಲ್ಲರ ಕಾಲಿಗೂ ಸಿಗುತ್ತಿದ್ದ ಕಂಬಳಿಗೂ ಕುಕ್ಕರಿಗೂ ಖುಷಿಯೋ ಖುಷಿ.

ಆದರೆ ಅಮ್ಮನವರು ಸುಮ್ಮನಿರಬೇಕಲ್ಲ! ಕಪಾಟಿಗೆ ನೀಲಿ ಬಣ್ಣ ಬಳಿದರು, ಹಿತ್ತಾಳೆಯ ಹಿಡಿಕೆ ಕೂರಿಸಿದರು, ಸಿಂಹದ ಪಾದದಂಥ ಕಾಲು ಹಚ್ಚಿದರು, ಒಳಗೆಲ್ಲ ಹೂವಿನ ಕಾಗದ ಅಂಟಿಸಿದರು.

ಕಂಬಳಿ ಹತ್ತಿರ ಹೋಗಿ, "ಸ್ವಾಮಿ, ಒಳಗೆ ಬರಬಹುದೇ?" ಎಂದು ಕೇಳಿತು.

"ನಿನ್ನ ಕೂದಲು ಉದುರುತ್ತದೆ. ಆಚೆ ನಿಲ್ಲು," ಎಂದಿತು ಕಪಾಟು.

"ನಾನು ಬರಲೇ?" ಎಂದಿತು ಕುಕ್ಕರ್.

"ನಿನ್ನ ತಳ ಕಪ್ಪು. ನನ್ನ ಹೂವುಗಳ ಗತಿಯೇನು?"

"ಹಾಗಾದರೆ ತಮ್ಮೊಳಗೆ ಏನನ್ನು ಇಡುತ್ತಾರೆ?" ಎಂದಿತು ಕುಕ್ಕರ್.

"ಇಡುವುದೇಕೆ? ಬಂದವರು ನೋಡಿದರೆ ಸಾಕು."

ಅಮ್ಮನವರ ಮನಸ್ಸಿನಲ್ಲಿದ್ದದ್ದೂ ಅದೇ. ಬಣ್ಣಕ್ಕೆ ಗೀರು ಬೀಳಬಾರದೆಂದು ಕಪಾಟಿಗೆ ಹಳೇ ಸೀರೆಯೊಂದನ್ನು ಅಡಿಯಿಂದ ಮುಡಿಯವರೆಗೆ ಹೊದಿಸಿದರು. ಬಂದವರಿಗೂ ಅದು ಕಾಣಲಿಲ್ಲ.

ಮೂಲೆಯಲ್ಲಿ ಖಾಲಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು, "ಬನ್ರಪ್ಪ, ನನಗೆ ಹೂವೂ ಇಲ್ಲ, ಹಿಡಿಕೆಯೂ ಇಲ್ಲ," ಎಂದಿತು. ಕಂಬಳಿ, ಕುಕ್ಕರ್ ಎರಡೂ ದಬದಬನೆ ಒಳಗೆ ಬಿದ್ದು, ಹಾಯಾಗಿ ವಾರ ಕಳೆದವು.

ಒಂದು ಬೆಳಿಗ್ಗೆ ಅಮ್ಮನವರು ಪೆಟ್ಟಿಗೆಯನ್ನು ತಟ್ಟಿ ನೋಡಿದರು. "ಪರವಾಗಿಲ್ಲ ಕಣೇ, ಗಟ್ಟಿಯಾಗಿದ್ದೀಯ. ನಿನಗೂ ಒಂದಿಷ್ಟು ಬಣ್ಣ ಬಳಿದರೆ ಎಷ್ಟು ಚೆನ್ನಾಗಿ ಕಾಣ್ತೀಯ!" ಎಂದು ಬ್ರಷ್ ತರಲು ಹೋದರು.

ಪೆಟ್ಟಿಗೆ ನಾಚಿಕೊಂಡು ಮೈ ಸೆಟೆಸಿತು.

ಒಳಗಿದ್ದ ಕಂಬಳಿ ಕುಕ್ಕರನ್ನು ತಿವಿದು, "ಏಳಯ್ಯ, ಗಂಟುಮೂಟೆ ಕಟ್ಟು," ಎಂದಿತು.