ಮದುವೆ ಮನೆಯ ಎಮ್ಮೆ

ನದಿಯ ದಂಡೆಯ ಮೇಲಿನ ಆಶ್ರಮದಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆಯಿತ್ತು. ಒಂದನೆಯ ತರಗತಿಗೆ ಉಪಾಧ್ಯಾಯರಿರಲಿಲ್ಲ. ಶ್ರೀಕಂಠನೆಂಬ ಶಿಷ್ಯ ಆ ಕೆಲಸವನ್ನು ಬಯಸಿ ಗುರುಗಳ ಮುಂದೆ ನಿಂತ.

“ಏನು ಕಲಿಸುತ್ತೀ?” ಎಂದು ಗುರುಗಳು ಕೇಳಿದರು.

“ಎಣಿಕೆ, ಅಕ್ಷರ, ಶಿಸ್ತು.”

“ಸಂಜೆಯೊಳಗೆ ಮಕ್ಕಳು ನಿನ್ನನ್ನು ತಮ್ಮ ಆಟಕ್ಕೆ ಸೇರಿಸಿಕೊಂಡರೆ ತರಗತಿ ನಿನ್ನದು. ಇಲ್ಲದಿದ್ದರೆ ಉಗ್ರಾಣಕ್ಕೆ ಹಿಂತಿರುಗು.”

ಶ್ರೀಕಂಠನಿಗೆ ಉಗ್ರಾಣ ಸಾಕಾಗಿತ್ತು. ಅಲ್ಲಿ ಅವನ ಮಾತು ಕೇಳಲು ಬೇಳೆಯ ಮೂಟೆಗಳ ಹೊರತು ಯಾರೂ ಇರಲಿಲ್ಲ.

ಅವನು ಒಂದು ಸೀಟಿ ಹಿಡಿದು ಹೊರಟ. ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಆಟದ ನಿಯಮಗಳನ್ನು ವಿವರಿಸತೊಡಗಿದ. ನಿಯಮಗಳು ಮುಗಿಯುವ ಮೊದಲೇ ಸಾಲು ಮುಗಿದಿತ್ತು. ಮಕ್ಕಳೆಲ್ಲ ಮರಳಿನಲ್ಲಿದ್ದರು.

“ಆಟಕ್ಕೆ ಬನ್ನಿ,” ಎಂದು ಕರೆದ.

ಭಾಗೀರಥಿ ಎಂಬ ಪುಟ್ಟ ಹುಡುಗಿ ತಲೆಯೆತ್ತಿದಳು. “ನೀವು ಆಡ್ಕೊಳ್ಳಿ ಮೇಷ್ಟ್ರೇ. ನಮಗೆ ಕೆಲಸ ಇದೆ. ಮದುವೆ ಅಡುಗೆ ಆಗ್ಬೇಕು. ಲಾಡು ಕಟ್ತಾ ಇದೀವಿ.”

ಶ್ರೀಕಂಠ ಬಗ್ಗಿ ನೋಡಿದ. “ಇದು ಒದ್ದೆ ಮರಳು.”

“ಹಾಗಾದ್ರೆ ನಿಮಗೆ ಬಡಿಸಲ್ಲ.”

ಹೊತ್ತು ಇಳಿಯಿತು. ಶ್ರೀಕಂಠ ಸೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಬಂದ.

“ನನ್ನನ್ನೂ ಸೇರಿಸಿಕೊಳ್ಳಿ.”

“ಏನಾಗ್ತೀರಿ?”

“ಮೇಷ್ಟ್ರಾಗುತ್ತೇನೆ.”

“ಮದುವೆ ಮನೇಲಿ ಮೇಷ್ಟ್ರಿಗೆ ಏನು ಕೆಲಸ?”

“ಹಾಗಾದರೆ ಪುರೋಹಿತ.”

“ಇದಾರೆ,” ಎಂದು ಭಾಗೀರಥಿ ತೋರಿಸಿದಳು. ಪುರೋಹಿತರು ಮೂಗು ಸುರಿಸಿಕೊಂಡು ಕುಳಿತಿದ್ದರು. “ಎಮ್ಮೆ ಒಂದೇ ಇಲ್ಲ. ಹಾಲಿಲ್ಲದೆ ಪಾಯಸ ಹೇಗೆ ಮಾಡೋದು?”

ಶ್ರೀಕಂಠ ನೇರವಾಗಿ ಗುರುಗಳ ಬಳಿಗೆ ನಡೆದ.

“ನನ್ನನ್ನು ಎಮ್ಮೆಯಾಗು ಎನ್ನುತ್ತಾರೆ.”

“ಹಾಲು ಎಷ್ಟು ಕೊಡುತ್ತೀ ಎಂದು ಕೇಳಲಿಲ್ಲವೇ?”

“ಗುರುಗಳೇ, ನಾನು ಉಪನಿಷತ್ತುಗಳನ್ನು ಓದಿದವನು.”

“ಅವರಿಗೆ ಹೇಳಬೇಡ. ಬೇರೆ ಎಮ್ಮೆ ನೋಡಿಕೊಂಡಾರು.”

ಶ್ರೀಕಂಠ ಹಿಂತಿರುಗಿ ಮರಳಿನ ಮೇಲೆ ನಾಲ್ಕು ಕಾಲಿನಲ್ಲಿ ನಿಂತ. ಅವನ ಉತ್ತರೀಯದಿಂದಲೇ ಅವನನ್ನು ಹೊಂಗೆಯ ಮರಕ್ಕೆ ಕಟ್ಟಿದರು. ಭಾಗೀರಥಿ ಕರಟವನ್ನು ಹಿಡಿದು ಹಾಲು ಕರೆದಳು. ಅವನ ಮುಂದೆ ಒಂದು ಹಿಡಿ ಹುಲ್ಲು ಬಿತ್ತು.

ಪಾಯಸವಾಯಿತು. ಊಟಕ್ಕೆ ಎಲ್ಲರೂ ಸಾಲಾಗಿ ಕುಳಿತರು, ಯಾರೂ ಹೇಳದೆಯೇ. ಭಾಗೀರಥಿ ಬಾದಾಮಿ ಮರದ ಎಲೆಗಳನ್ನು ತಂದಳು. ಒಂದು ಎಲೆ ಕಡಿಮೆಯಿದೆಯೆಂಬುದು ಶ್ರೀಕಂಠನಿಗೆ ನೋಡಿದೊಡನೆ ತಿಳಿಯಿತು. ಅವನು ಬಾಯಿ ತೆರೆದ.

“ಎಮ್ಮೆ ಮಾತಾಡಲ್ಲ,” ಎಂದಳು ಭಾಗೀರಥಿ.

ಎಮ್ಮೆ ಬಾಯಿ ಮುಚ್ಚಿತು.

ಎಲೆ ಹಾಕುತ್ತ ಹೋದಂತೆ ಮದುವಣಗಿತ್ತಿಗೇ ಎಲೆಯಿಲ್ಲದಾಯಿತು. ಜಗಳವಾಯಿತು. ವರನನ್ನು ಮನೆಗೆ ಕಳುಹಿಸಿದರೆ ಎಲೆ ಸರಿಹೋಗುತ್ತದೆ ಎಂದು ಪುರೋಹಿತರು ಸೂಚಿಸಿದರು. ವರ ಒಪ್ಪಲಿಲ್ಲ. ಭಾಗೀರಥಿ ಜನರನ್ನು ಎಣಿಸಿದಳು, ತನ್ನನ್ನು ಬಿಟ್ಟಳು. ಮತ್ತೆ ಎಣಿಸಿದಳು, ಪುರೋಹಿತರನ್ನು ಎರಡು ಸಲ ಸೇರಿಸಿದಳು. ಎಮ್ಮೆ ಕಣ್ಣು ಮುಚ್ಚಿಕೊಂಡು ಹುಲ್ಲನ್ನು ಕಚ್ಚಿತು.

ಕೊನೆಗೆ ಒಬ್ಬೊಬ್ಬರ ತಲೆಯನ್ನೂ ಮುಟ್ಟಿ, ಒಂದೊಂದು ಎಲೆಯನ್ನೂ ಮುಟ್ಟಿ, “ಒಂದೇ ಒಂದು ಎಲೆ ಕಮ್ಮಿ,” ಎಂದು ಅವಳು ಬಾದಾಮಿ ಮರದ ಕಡೆಗೆ ಓಡಿದಳು.

ಸಂಜೆ ಶ್ರೀಕಂಠ ಮೊಣಕಾಲಿನ ಮರಳನ್ನೂ ಒರಸದೆ ಗುರುಗಳ ಮುಂದೆ ನಿಂತ.

“ಸೇರಿಸಿಕೊಂಡರು.”

“ತರಗತಿ ನಿನ್ನದು.”

ಅವನು ಹೋಗಲಿಲ್ಲ.

“ಇನ್ನೇನು?”

“ಅವರು ತಪ್ಪುತಪ್ಪಾಗಿ ಎಣಿಸುತ್ತಿದ್ದರು ಗುರುಗಳೇ. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಇಷ್ಟು ಕಷ್ಟವೆಂದು ನಾನು ತಿಳಿದಿರಲಿಲ್ಲ.”

ಗುರುಗಳೆಂದರು:

“ನೀನು ಈ ಆಶ್ರಮಕ್ಕೆ ಬಂದ ದಿನದಿಂದ ನನ್ನ ಪಾಡೂ ಅದೇ.”